ಲೂಸ್ಯಾಂನ ಪರೀಕ್ಷೆಯ ಪೈಪ್

೧೯೯೪ರ ಫೆಬ್ರವರಿ ೧೭, ಗುರುವಾರ, ಬೆಳಿಗ್ಗೆ ಆರು ನಲವತ್ತು. ಫ್ರಾನ್ಸಿನ ಸೇಂ-ಕ್ಲೋದ್‌ನ ತನ್ನ ಅಡುಗೆಮನೆಯಲ್ಲಿ ಇರ್ಮಾ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ತಮ್ಮನ ತಂಬಾಕು ಸೇದುವ ಪೈಪ್ ಒರೆಸುತ್ತಿದ್ದಳು. ಬಟ್ಟಲೊಳಗಿನ ಮಸಿಯನ್ನು ಹಿಂದಿನ ದಿನವೇ ಕೆರೆದಿದ್ದಳು. ಹೊರಮೈಯ ಹಳೆ ಮೇಣ ತೆಗೆದು ಹೊಸದು ಹಚ್ಚಿದರೆ ಕೆಲಸ ಮುಗಿಯುತ್ತಿತ್ತು.

ಆತುರವಿತ್ತು. ಪಕ್ಕದ ಕೋಣೆಯಲ್ಲಿ ಲೂಸ್ಯಾಂ ಕರುಳಿನ ಕ್ಯಾನ್ಸರ್‌ನಿಂದ ಮಲಗಿದ್ದ. ಡಾಕ್ಟರು ಮೂರು ದಿನ ಎಂದಿದ್ದರು. ನಮ್ಮ ಪೈಪ್ ಕಾರ್ಖಾನೆಯಲ್ಲಿ ಯಾರೇ ತೀರಿಕೊಂಡರೂ ಶವಪೆಟ್ಟಿಗೆಯ ಮೇಲೆ ಅವರ ಪರೀಕ್ಷೆಯ ಪೈಪ್, ಎಂದರೆ ಕೆಲಸದ ಪರೀಕ್ಷೆಗೆಂದು ಅವರೇ ಮಾಡಿದ ಪೈಪ್, ಇಡುತ್ತೇವೆ. ಬಂದವರೆಲ್ಲ ಅದನ್ನೆತ್ತಿ ತಿರುಗಿಸಿ ನೋಡುತ್ತಾರೆ.

"ಅಕ್ಕಾ, ಆಯ್ತಾ? ನಾನು ಹೋದ್ಮೇಲೆ ಪಾಲಿಶ್ ಮಾಡ್ತೀಯೋ ಹೆಂಗೆ?"

"ಬಾಯ್ಮುಚ್ಕೊಂಡು ಸೂಪ್ ಕುಡಿಯೋ. ನಂಗಿರೋದು ಎರಡೇ ಕೈ."

"ಆರ್ಮಾಂ ಭಾವ ಆಗಿದ್ರೆ ಇಷ್ಟೊತ್ತಿಗೆ ಮುಗಿಸಿರೋರು. ಕೈ ಚೆನ್ನಾಗಿತ್ತು ಪಾಪ, ಪೈಪಿಗೆ ಸಿಕ್ಕಿದ ಮರದ ಬೇರೇ ಸರಿ ಇರ್ಲಿಲ್ಲ."

ಆರ್ಮಾಂ ಇರ್ಮಾಳ ಗಂಡ. ೧೯೫೮ರಲ್ಲಿ ಮೇಸ್ತ್ರಿಯ ಒಂದೇ ಜಾಗಕ್ಕೆ ಭಾವ ಮೈದುನ ಇಬ್ಬರೂ ನಿಂತಿದ್ದರು. ಪೈಪ್ ಕೆತ್ತುವ ಬ್ರಿಯರ್ ಪೊದೆಯ ಬೇರಿನ ಗಂಟಿನೊಳಗೆ ಮರಳು ಸೇರಿದ್ದರೆ ಪೈಪಿನಲ್ಲಿ ಕುಳಿ ಬೀಳುತ್ತದೆ. ಕುಳಿಯಿಲ್ಲದ ಪೈಪ್ ಮಾಡಿದವನಿಗೆ ಜಾಗ, ಅದೇ ಪರೀಕ್ಷೆ. ಆರ್ಮಾಂ ತನ್ನದರಲ್ಲಿದ್ದ ಕುಳಿಯನ್ನು ತಾನೇ ತೋರಿಸಿದ. ಲೂಸ್ಯಾಂ ಮೇಸ್ತ್ರಿಯಾಗಿ ಧೂಳಿಲ್ಲದ ಮಹಡಿಗೆ ಹೋದ. ಆರ್ಮಾಂ ಉಜ್ಜುವ ಯಂತ್ರದ ಧೂಳಿನಲ್ಲೇ ಉಳಿದು, ಹನ್ನೊಂದು ವರ್ಷದ ನಂತರ ಶ್ವಾಸಕೋಶ ಕೆಟ್ಟು ಸತ್ತ. ಆಗ ಅವನಿಗೆ ನಲವತ್ತೊಂದು.

ಅಡುಗೆಮನೆಯಲ್ಲಿ ಇರ್ಮಾಳ ಬಟ್ಟೆಗೆ ಕೆಂಪು ಹತ್ತಿತು. ಲೂಸ್ಯಾಂನ ಪೈಪಿನ ಬುಡದಲ್ಲಿ ಅಕ್ಕಿಕಾಳಿನಷ್ಟು ಕುಳಿ ಬಾಯಿಬಿಟ್ಟಿತು.

ಅದನ್ನು ಮುಚ್ಚಿದ್ದವಳು ಇರ್ಮಾಳೇ. ಸೂಜಿ ಒತ್ತಿ ಕುಳಿ ಎಣಿಸುವುದು, ಮಾರಾಟದ ಪೈಪಾದರೆ ಪುಟ್ಟಿ ತುಂಬುವುದು, ಇವು ಕಾರ್ಖಾನೆಯಲ್ಲಿ ಹೆಂಗಸರ ಕೆಲಸ. ಪರೀಕ್ಷೆಗೆ ಮುಂಚೆ ಅವಳ ಸೂಜಿಯಡಿ ತಮ್ಮನ ಪೈಪಿನ ತೆಳು ಮರ ಒಳಕುಸಿದು ಕುಳಿ ಕಂಡಿತ್ತು. ಆಗಲೇ ತಮ್ಮ ಆ ಧೂಳಿಗೆ ಕೆಮ್ಮುತ್ತಿದ್ದ. ಗಂಡ ಇನ್ನೂ ಕೆಮ್ಮುತ್ತಿರಲಿಲ್ಲ. ಬಣ್ಣ ಹೊಂದಲೆಂದು ಪುಟ್ಟಿ ಬಿಟ್ಟು ಅರಗು ಹಾಕಿದಳು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಅರಗು ಹಾಕಿದ್ದು ಮೂವತ್ತಾರು ವರ್ಷದಲ್ಲಿ ಮರೆತೇಹೋಗಿತ್ತು ಎಂದು ಆಮೇಲೆ ನನಗೆ ಹೇಳಿದಳು. ಇರಬಹುದು.

ಅರಗಿನ ಕಡ್ಡಿ ಕೈಗೆಟುಕುವಲ್ಲೇ ಇತ್ತು, ಹತ್ತು ನಿಮಿಷದ ಕೆಲಸ. ಅವಳು ಅದನ್ನು ಮುಟ್ಟದೆ ಪೈಪನ್ನು ಒಯ್ದು ತಮ್ಮನ ಅಂಗೈಯಲ್ಲಿಟ್ಟಳು. ಅವನ ಹೆಬ್ಬೆರಳು ಸವರುತ್ತಾ ಹೋಗಿ ಕುಳಿಯ ಮೇಲೆ ನಿಂತಿತು.

"ಇದು ಯಾವಾಗಿಂದ?"

"ಮೊದಲಿಂದ. ಮುಚ್ಚಿದ್ದು ನಾನು."

"ಭಾವನಿಗೆ ಗೊತ್ತಿತ್ತಾ?"

"ಹೇಳ್ಲಿಲ್ಲ."

ಅವನು ಪೈಪನ್ನು ಅವಳ ಕೈಗೆ ವಾಪಸು ಕೊಟ್ಟ. "ಮತ್ತೆ ಮುಚ್ಚಬೇಡ" ಎಂದು ಗೋಡೆಯತ್ತ ತಿರುಗಿದ. ಭಾನುವಾರ ಸಾಯುವವರೆಗೆ ಅವಳನ್ನು ಮತ್ತೆ ಅಕ್ಕಾ ಎಂದು ಕರೆಯಲಿಲ್ಲ.

ಪೈಪನ್ನು ಪೆಟ್ಟಿಗೆಯ ಮೇಲಿಟ್ಟವಳು ಇರ್ಮಾ, ಕುಳಿ ಮೇಲೆ ಬರುವ ಹಾಗೆ. ಎತ್ತಿ ನೋಡಿದ ಹಳಬರು ಒಬ್ಬೊಬ್ಬರಾಗಿ ಅವಳತ್ತ ಕಣ್ಣು ತಿರುಗಿಸಿದರು. ಅಂದು ಕುಳಿ ಎಣಿಸಿದವಳು ಯಾರೆಂದು ಎಲ್ಲರಿಗೂ ನೆನಪಿತ್ತು. ಪರೀಕ್ಷೆಯ ದಿನ ಗುಮಾಸ್ತ ಪೆನ್ನು ಹಿಡಿದು, ಲೂಸ್ಯಾಂನ ಪೈಪಿನಲ್ಲಿ ಕುಳಿ ಎಷ್ಟು ಎಂದು ಕೇಳಿದಾಗ, ಮೂರು ಹೆಜ್ಜೆ ಆಚೆ ನಿಂತಿದ್ದ ಗಂಡನನ್ನು ನೋಡದೆ ಅವಳು ಗಟ್ಟಿಯಾಗಿ ಹೇಳಿದ್ದಳು: "ಸೊನ್ನೆ."