ಗಾಳದ ತುದಿಯ ಮೊಳ ದಾರ

ನಾರಾಯಣಪುರದ ಅಣೆಕಟ್ಟಿನಲ್ಲಿ ಮೂವತ್ತು ವರ್ಷ ಗೇಟು ಏರಿಸಿ ಇಳಿಸಿ ನಿವೃತ್ತನಾದ ರಾಮಣ್ಣನಿಗೆ ಎರಡು ಹೆಮ್ಮೆಗಳಿದ್ದವು. ಒಂದು, ಅವನ ಮೀಸೆ. ಇನ್ನೊಂದು, ತಾನು ಎಂದೂ ಬಜಾರದಿಂದ ಮೀನು ಕೊಂಡು ತಂದವನಲ್ಲ ಎಂಬುದು. ಮೀಸೆ ತಾನಾಗಿಯೇ ಕಾಣುತ್ತಿತ್ತು. ಎರಡನೆಯದನ್ನು ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು, ಹೇಳುತ್ತಲೂ ಇದ್ದ.

ಗಾಳದ ವಿಷಯದಲ್ಲಿ ಅವನದು ಮಹಾ ಮಡಿ. ಹೊಳೆಯ ಕಲ್ಲು ಮಗುಚಿ, ಅದರ ತಳಕ್ಕೆ ಅಂಟಿದ ನೀರುಹುಳಗಳನ್ನೇ ಕೊಕ್ಕೆಗೆ ಸಿಕ್ಕಿಸಬೇಕು. ಹುಳ ತಳದಲ್ಲಿ ತಾನೇ ಉರುಳಿದಂತೆ ಕಾಣಬೇಕು. ಅದಕ್ಕೆ ಕೊಕ್ಕೆಗೂ ಉದ್ದ ದಾರಕ್ಕೂ ನಡುವೆ ಕಟ್ಟುವ ಮೊಳ ಉದ್ದದ ತುದಿದಾರವೇ ಜೀವ. ಅದನ್ನು ತುಟಿಗೆ ಸವರಿ, ಹಲ್ಲಲ್ಲಿ ಕಚ್ಚಿ, ಕಿವಿಗೆ ಸುತ್ತಿ ಎಳೆದು ನೋಡದೆ ಕೊಳ್ಳುತ್ತಿರಲಿಲ್ಲ. ಹುಣಸಗಿಯ ಅಂಗಡಿಯ ಮುಜಫರ ಅವನನ್ನು ಕಂಡೊಡನೆ ಕೈಮುಗಿಯುತ್ತಿದ್ದ: “ಕಾಕಾ, ಬ್ಯಾರೆ ಗಿರಾಕಿಗೂ ಮಾರಬೇಕ್ರಿ, ಕಚ್ಚಬ್ಯಾಡ್ರಿ.”

ಮಗಳು ನಾಗಲಕ್ಷ್ಮಿ ಬಾಣಂತನಕ್ಕೆ ಬಂದಿದ್ದಳು. ಕೂಸನ್ನು ನೋಡಲು ಸಗರದಿಂದ ಬೀಗತಿ ರತ್ನಾಬಾಯಿ ಭಾನುವಾರ ಬರುವವಳಿದ್ದಳು. “ನಾ ಹಿಡಿದ ಮೀನಾ ಉಣಿಸ್ತೀನ್ರಿ,” ಎಂದು ರಾಮಣ್ಣ ಫೋನಿನಲ್ಲಿ ಮಾತು ಕೊಟ್ಟುಬಿಟ್ಟ. ಮರುದಿನವೇ ಗಾಳಿ ಎದ್ದಿತು. ಎಂಥ ಗಾಳಿ! ಹೊಳೆದಂಡೆಯಲ್ಲಿ ನಿಂತರೆ ಲುಂಗಿ ತಲೆಗೇರುತ್ತಿತ್ತು.

ದಪ್ಪ ನೈಲಾನ್ ಕಟ್ಟಿದರೆ ಅದು ಗಾಳಿಗೆ ಕಮಾನಿನಂತೆ ಎದ್ದು ಹುಳವನ್ನು ಮೇಲಕ್ಕೆಳೆಯಿತು. ಸಣ್ಣ ನೈಲಾನ್ ಹಾರಿ ಬಂದು ಅವನ ಮೀಸೆಗೇ ಸಿಕ್ಕಿಕೊಂಡಿತು. ಹೊಲಿಗೆ ಮಿಷಿನ್ನಿನ ನೂಲು ಒದ್ದೆಯಾಗಿ ತಳಕ್ಕೇನೋ ಇಳಿಯಿತು, ಮೊದಲ ಮೀನಿಗೇ ಹರಿಯಿತು. ನೆನೆದು ಭಾರವಾಗುವ, ಆದರೂ ಹರಿಯದ ದಾರ ಬೇಕೆಂದು ಅವನಿಗೆ ಹೊಳೆಯುವಷ್ಟರಲ್ಲಿ ಶನಿವಾರ ಮುಗಿದಿತ್ತು.

“ಬಜಾರದಾಗಿಂದ ತರ್ರಿ. ಯಾರಿಗೆ ಗೊತ್ತಾಗ್ತದ?” ಎಂದಳು ಹೆಂಡತಿ ಸುಗಲಮ್ಮ.

“ನನಗ ಗೊತ್ತಾಗ್ತದಲ್ಲ!”

ಭಾನುವಾರ ಬೆಳಿಗ್ಗೆ ಟ್ರಂಕಿನ ಮೇಲಿದ್ದ ಕೌದಿ ಅವನ ಕಣ್ಣಿಗೆ ಬಿತ್ತು. ಮೊಮ್ಮಗಳ ತೊಟ್ಟಿಲಿಗೆಂದು ಸುಗಲಮ್ಮ ಹಳೇ ಸೀರೆ ಪದರ ಪದರವಾಗಿ ಇಟ್ಟು ಎರಡು ತಿಂಗಳು ಕೂತು ಹೊಲಿದದ್ದು. ಮೂಲೆಯಲ್ಲಿ ನೀಲಿ ಹತ್ತಿ ದಾರದ ತುದಿ ಇಣುಕುತ್ತಿತ್ತು. ತುಟಿಗೆ ಸವರಿದ, ಕಚ್ಚಿದ. ಆಹಾ! ಎಳೆದ. ಮೊಳ ಬೇಕಿತ್ತು, ಎರಡು ಮೊಳ ಬಂತು. ಮನಸ್ಸು ಚುರ್ ಎಂದದ್ದು ನಿಜ, ಆದರೆ ದಾರ ಅಷ್ಟು ಚೆನ್ನಾಗಿತ್ತು. ಬಿಚ್ಚಿದ ಮೂಲೆಯನ್ನು ಒಳಗೆ ಮಾಡಿ ಕೌದಿ ಮಡಚಿಟ್ಟು ಹೊಳೆಗೆ ಓಡಿದ. ಗಾಳಿ ಏನು ಮಾಡಿದರೂ ಆ ದಾರ ನೀರು ಕುಡಿದು ತೆಪ್ಪಗೆ ತಳ ಸೇರಿತು. ಒಂದು ತಾಸಿನಲ್ಲಿ ನಾಲ್ಕು ಜಿಲೇಬಿ ಮೀನು ಬಿದ್ದವು.

ಮಧ್ಯಾಹ್ನ ರತ್ನಾಬಾಯಿ ಮುಳ್ಳು ಚೀಪಿ ಚೀಪಿ ಉಂಡಳು. ಕೈತೊಳೆದು ಬಂದು ಕೂತು, “ರುಚಿ ಭಾಳ ಐತ್ರಿ. ಆದ್ರ ಇಂಥಾ ಗಾಳ್ಯಾಗ ಗಾಳಕ್ಕ ಮೀನ ಎಲ್ಲಿ ಸಿಗ್ತಾವ, ಬೀಗರ? ಬಜಾರದಾಗಿನವ ಇರಬೇಕು,” ಎಂದಳು.

ರಾಮಣ್ಣನ ಮೀಸೆ ನಡುಗಿತು. ಅಷ್ಟರಲ್ಲಿ ಸುಗಲಮ್ಮ ಬೀಗತಿಗೆ ತೋರಿಸಲು ಕೌದಿ ಬಿಡಿಸಿದಳು. ಮೂಲೆ ಬಾಯಿ ತೆರೆದು ಒಳಗಿನ ಚಿಂದಿ ಜೋತುಬಿತ್ತು.

“ಅಯ್ಯ ಶಿವನ! ಇದನ್ನ ಯಾರು ಬಿಚ್ಯಾರ?”

ಸುಮ್ಮನಿದ್ದರೆ ಮೀನು ಕೊಂಡವನಾಗುತ್ತಾನೆ, ಬಾಯಿಬಿಟ್ಟರೆ ಮೊಮ್ಮಗಳ ಕೌದಿ ಬಿಚ್ಚಿದವನಾಗುತ್ತಾನೆ. ರಾಮಣ್ಣ ಹೆಂಡತಿಯ ಮುಖ ನೋಡಿದ, ಬೀಗತಿಯ ಮುಖ ನೋಡಿದ. ಎದ್ದು ಹೋಗಿ ಗಾಳದ ಕೋಲು ತಂದು ನಡುಮನೆಯಲ್ಲಿಟ್ಟ. ತುದಿಯಲ್ಲಿ ನೀಲಿ ದಾರ.

ರತ್ನಾಬಾಯಿ ಅದನ್ನು ಕೌದಿಗೆ ಹಿಡಿದು ನೋಡಿ, ಸೆರಗು ಬಾಯಿಗಿಟ್ಟು ನಕ್ಕಳು. “ಮೀನ ನೀವ ಹಿಡದದ್ದು ಖರೇ ಬಿಡ್ರಿ. ನಾವು ಕಳ್ಳನ್ನ ಹಿಡದದ್ದೂ ಖರೇ.”

ಸುಗಲಮ್ಮ ನಗಲಿಲ್ಲ. ಅವಳಿಗೆ ನಿಜವಾಗಿಯೂ ನೋವಾಗಿತ್ತು. ಸೂಜಿ, ದಾರದ ಡಬ್ಬಿ ತಂದು ಗಂಡನ ಮುಂದಿಟ್ಟು, “ಬಿಚ್ಚಿದವ್ರ ಹೊಲೀರಿ,” ಎಂದಳು.

ಬೀಗತಿಯ ಎದುರು ರಾಮಣ್ಣ ಕೌದಿ ಹರಡಿಕೊಂಡು ಕೂತ. ಡಬ್ಬಿಯ ಒಂದೊಂದೇ ದಾರ ತೆಗೆದು ತುಟಿಗೆ ಸವರಿದ, ಕಿವಿಗೆ ಸುತ್ತಿದ. ಅರ್ಧ ತಾಸಾದರೂ ಸೂಜಿಗೆ ದಾರ ಬೀಳಲಿಲ್ಲ. ಕೊನೆಗೆ ಒಂದನ್ನು ಹಲ್ಲಿಗೆ ಒಯ್ಯುವಾಗ ಒಳಗಿನಿಂದ ನಾಗಲಕ್ಷ್ಮಿ ಕೂಗಿದಳು:

“ಯಪ್ಪಾ, ಅದು ಕೂಸಿನ ಕೌದಿಗೆ! ಕಚ್ಚಬ್ಯಾಡ!”