ಆಟೋ ಪರದೆಯ ಹಿಂದಿನ ಮಾವ

ಕಾದ ಆಂಪ್ಲಿಫೈಯರಿನ ಮೇಲೆ ಧೂಳು ಸುಡುವ ವಾಸನೆ ನಿಮಗೂ ಗೊತ್ತಿರಬಹುದು. ಹೋದ ತಿಂಗಳು ಒಂದು ಬೆಳಿಗ್ಗೆ, ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಮೈಕ್ ಹಿಡಿದು ಆಟೋದಲ್ಲಿ ಕೂತಿದ್ದಾಗ ಅದೇ ವಾಸನೆ ಮೂಗಿಗೆ ಬಡಿಯಿತು. ನನಗೋ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಇಳಿದೆ, ಹತ್ತಿದೆ, ನೀರು ಕುಡಿದೆ, ಮತ್ತೆ ಇಳಿದೆ. ಮಲ್ಲಣ್ಣ ಮಾವ ತೀರಿಕೊಂಡಿದ್ದರು. ಊರಿನ ಸಾವುಗಳನ್ನೆಲ್ಲ ಸಾರುತ್ತಿದ್ದವರು ಅವರು. ಅವರ ಸಾವನ್ನು ಸಾರಬೇಕಾದವಳು ನಾನು.

ಮಾವ ಅಮ್ಮನ ತಮ್ಮ. ಅವರ ಮನೆಯಲ್ಲೇ ನಾನು ಬೆಳೆದದ್ದು. ಆ ಮನೆ ಈಗಿಲ್ಲ, ಅಲ್ಲೊಂದು ಟೈಲ್ಸ್ ಅಂಗಡಿ ಎದ್ದಿದೆ. ಆಗ ಪಡಸಾಲೆಯ ತುಂಬ ಧ್ವನಿವರ್ಧಕದ ಹಾರ್ನುಗಳು, ಕಾಲಿಗೆ ತೊಡರುವ ವೈರಿನ ಸುರುಳಿಗಳು. ಅತ್ತೆ ಹಪ್ಪಳ ಒಣಗಿಸುತ್ತಿದ್ದದ್ದೂ ಸ್ಪೀಕರ್ ಡಬ್ಬಗಳ ಮೇಲೆಯೇ. ಈರುಳ್ಳಿ ಬೀಜ ಬಂತು, ಸೀರೆ ಸೇಲ್ ಇದೆ ಎಂಬುದನ್ನೆಲ್ಲ ಮಾವ ರೆಕಾರ್ಡ್ ಮಾಡಿ ಆಟೋದಲ್ಲಿ ಹಾಕಿಬಿಡುತ್ತಿದ್ದರು. ಸಾವಿನ ಸುದ್ದಿಯನ್ನು ಮಾತ್ರ ತಿರುವು ತಿರುವಿನಲ್ಲೂ ಆಟೋ ನಿಲ್ಲಿಸಿ, ತಾವೇ ಬಾಯಾರೆ ಹೇಳುತ್ತಿದ್ದರು. "ಸತ್ತೋರ ಹೆಸ್ರನ್ನ ಮೆಷಿನ್ ಕೂಗ್ಬಾರ್ದು ಕಣೇ, ಉಸ್ರಿರೋರು ಹೇಳ್ಬೇಕು" ಅನ್ನುತ್ತಿದ್ದರು. ಆದರೆ ಮೈಕ್ ಎತ್ತುವ ಮೊದಲು ಆಟೋದ ಪರದೆ ಎಳೆದುಕೊಳ್ಳಲೇಬೇಕು. ಅಷ್ಟು ತುಂಬುದನಿಯ ಮನುಷ್ಯನಿಗೆ ನಾಲ್ಕು ಜನರೆದುರು ನಿಂತರೆ ನಾಲಿಗೆಯ ಪಸೆ ಆರಿಹೋಗುತ್ತಿತ್ತು. "ಪರದೆ ಒಳಗೆ ಹುಲಿ, ಹೊರಗೆ ಇಲಿ" ಎಂದು ಅತ್ತೆ ಕಿಚಾಯಿಸುತ್ತಿದ್ದರು.

ನಾನು ಹೈಸ್ಕೂಲಿನಲ್ಲಿದ್ದಾಗ ತರೀಕೆರೆಯ ಮೈದಾನದಲ್ಲಿ ಗಣರಾಜ್ಯೋತ್ಸವದ ಭಾಷಣ ಸ್ಪರ್ಧೆಗೆ ನನ್ನ ಹೆಸರು ಬಂತು. ಮಾವ ಮನೆ ಮುಂದೆ ನಿಂತ ಆಟೋದೊಳಗೇ ನನ್ನನ್ನು ಕೂರಿಸಿ ಕಲಿಸಿದರು. "ಮೊದ್ಲು ಉಸ್ರು ಬಿಡು. ಆಮೇಲೆ ನಿಧಾನಕ್ಕೆ ಶುರು ಮಾಡು. ಎಲ್ಲೋ ಒಳಗೆ ರೊಟ್ಟಿ ತಟ್ತಿರೋಳು ಕೈ ನಿಲ್ಸಿ ಕೇಳ್ಬೇಕು, ಅಷ್ಟೇ." ಪರದೆಯೊಳಗೆ ನನಗೂ ಹುಲಿಯ ಧೈರ್ಯವೇ. ವೇದಿಕೆ ಹತ್ತಿ ಆ ತಲೆಗಳ ರಾಶಿ ಕಂಡದ್ದೇ ತಡ, ಕಲಿತದ್ದೆಲ್ಲ ಹಾರಿಹೋಯಿತು. ದಿನಾ ಕಿವಿಗೆ ಬಿದ್ದ ಸಾಲೇ ಬಾಯಿಗೆ ಬಂತು: "ಎಲ್ಲರಿಗೂ ದುಃಖದಿಂದ ತಿಳಿಸುವುದೇನೆಂದರೆ..."

ಮೈದಾನವೇ ಬಿದ್ದು ಬಿದ್ದು ನಕ್ಕಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಂದಿನ ಮೈಕ್ ಸೆಟ್ಟು ಮಾವನದೇ. ವೇದಿಕೆಯ ಹಿಂದಿದ್ದ ಅವರು ಮೈಕ್ ಸರಿಮಾಡುವ ನೆಪದಲ್ಲಿ ಮೇಲೆ ಬಂದರು. ಅವರು ಹಿಡಿದ ಸ್ಟ್ಯಾಂಡು ಗಡಗಡ ಅನ್ನುತ್ತಿತ್ತು. "ನಂಗೂ ಹೆದ್ರಿಕೆನೇ ಕಣೇ, ಕೈ ನೋಡು. ಇಲ್ಲೇ ನಿಂತಿರ್ತೀನಿ, ನೀನು ಹೇಳು" ಎಂದು ಪಿಸುಗುಟ್ಟಿದರು. ಮೈಕ್ ಆನ್ ಆಗಿಯೇ ಇತ್ತು. ಇಡೀ ಮೈದಾನಕ್ಕೆ ಅದು ಕೇಳಿಸಿತು, ನಗು ತಾನಾಗಿ ಅಡಗಿತು. ನಾನು ಉಸಿರು ಬಿಟ್ಟು ಭಾಷಣ ಮುಗಿಸಿದೆ. ಅಷ್ಟು ಹೊತ್ತೂ ಮಾವ ಬೆವರುತ್ತಾ ಪಕ್ಕದಲ್ಲೇ ನಿಂತಿದ್ದರು. ಬಹುಮಾನ ಬರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಮಂಡಕ್ಕಿ ತಿಂದು ಮನೆಗೆ ಬಂದೆವು.

ಹೋದ ತಿಂಗಳು ನನ್ನ ಒದ್ದಾಟ ನೋಡಲಾರದೆ ಆಟೋ ಓಡಿಸುವ ರಫೀಕಣ್ಣ, "ಫೋನಲ್ಲಿ ರೆಕಾರ್ಡ್ ಮಾಡ್ಬಿಡೋಣ ತಂಗಿ, ನಿನ್ ಕೈಲಿ ಆಗಲ್ಲ" ಎಂದರು. ಬೇಡ ಎಂದೆ. ಪರದೆಗೆ ಕೈ ಹಾಕಿದೆ. ಮಾವನ ಎಲೆಯಡಿಕೆಯ ವಾಸನೆ ಇನ್ನೂ ಅದರಲ್ಲಿತ್ತು. ಅವರಿಲ್ಲ ಅನ್ನುವುದು ಆಗ ಎದೆಗೆ ಇಳಿಯಿತು. ಪರದೆ ಎಳೆಯದೆ ಬಿಟ್ಟೆ. ಹೋಟೆಲ್ಲಿನ ಮುಂದೆ ಕೂತಿದ್ದವರು ನನ್ನನ್ನೇ ನೋಡುತ್ತಿದ್ದರು. ಮೈಕ್ ಹಿಡಿದ ಕೈ ಥೇಟ್ ಮಾವನ ಕೈಯಂತೆ ನಡುಗುತ್ತಿತ್ತು. ಪಕ್ಕದಲ್ಲಿ ನಿಲ್ಲಲು ಅವರಿರಲಿಲ್ಲ.

ಉಸಿರು ಬಿಟ್ಟೆ. "ಎಲ್ಲರಿಗೂ ದುಃಖದಿಂದ ತಿಳಿಸುವುದೇನೆಂದರೆ..."

ಯಾರೂ ನಗಲಿಲ್ಲ. ಮಾವನ ಹೆಸರು ಹೇಳಿದೆ. ಎದುರು ಮನೆಯೊಳಗೆ ರೊಟ್ಟಿ ತಟ್ಟುವ ಸದ್ದು ನಿಂತಿತು.