ಅಣ್ಣನ ಮದುವೆ ತಪ್ಪಿಸಿದ ಮಾತು

ನಮ್ಮಪ್ಪ ಕೊಳ್ಳೇಗಾಲದ ಪೇಟೆಯಲ್ಲಿ ಟೈಲರ್. ರೈತರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದುದು ಪಾಕೆಟ್ಟಿಗಾಗಿ. ಅಂಗಿಯ ಒಳಗೆ ಎದೆಗೆ ಅಂಟಿಕೊಂಡಂತೆ ಅವನು ಹೊಲಿದುಕೊಡುತ್ತಿದ್ದ ಕಳ್ಳಜೇಬಿಗೆ ಸಂತೆಯ ಗದ್ದಲದಲ್ಲೂ ಯಾರಿಗೂ ಕೈ ಹಾಕಲಾಗುತ್ತಿರಲಿಲ್ಲ.

ಅಣ್ಣನಿಗೆ ಮಿಷನ್ನು ತುಳಿಯುವುದು ಹಿಡಿಸಲಿಲ್ಲ. ಸೈನ್ಯಕ್ಕೆ ಸೇರಿದ. ಅಸ್ಸಾಮಿನ ಕಡೆ, ರಸ್ತೆಯಿಲ್ಲದ ಬೆಟ್ಟಗಳ ಮೇಲಿದ್ದ ಸಿಪಾಯಿಗಳಿಗೆ ವಿಮಾನದಿಂದ ಅಕ್ಕಿ, ಉಪ್ಪಿನ ಮೂಟೆ ಕೆಳಗೆ ತಳ್ಳುವ ಕೆಲಸ ಕೊಟ್ಟರು. ರಜೆಗೆ ಬಂದಾಗ, "ಬಾಗ್ಲು ತೆಗ್ದೇ ಇರ್ತದೆ ಕಣವ್ವ, ಗಂಟೆ ಒಡುದ್ ತಕ್ಷಣ ತಳ್ಬೇಕು" ಎಂದು ಎದ್ದು ನಿಂತು ತೋರಿಸಿದ. ಅವ್ವ ಕಿವಿ ಮುಚ್ಚಿಕೊಂಡಳು.

ಅದೇ ರಜೆಯಲ್ಲಿ ಯಳಂದೂರಿನ ಹುಡುಗಿಯ ಜೊತೆ ಮದುವೆ ಗೊತ್ತಾಯಿತು. ವೀಳ್ಯದ ದಿನ ಆಕೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, "ಇಮಾನ ಬಿದ್ದೋಗಕಿಲ್ವಾ?" ಎಂದು ಪಿಸುಗುಟ್ಟಿದಳು. ಹೈಸ್ಕೂಲಿನಲ್ಲಿ ಓದುತ್ತಿದ್ದ ನನಗೂ ಅದು ಗೊತ್ತಿರಲಿಲ್ಲ. ಬೀಳುವುದಿಲ್ಲ ಎಂದೆ.

ಅಣ್ಣ ವಾಪಸು ಹೋದ ಮೇಲೆ ಮಳೆಗಾಲದಲ್ಲಿ ಟೆಲಿಗ್ರಾಂ ಬಂತು. ಎದುರಿನ ದಿನಸಿ ಅಂಗಡಿಯ ಗುಮಾಸ್ತನಿಗೆ ಅಲ್ಪಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಅವನೇ ಓದಿದ. "ಏರ್ ಪಾಕೆಟ್ ಅಂತದೆ. ಅದರಿಂದ ಏಟು ಬಿದ್ದದಂತೆ. ಆಸ್ಪತ್ರೇಲವ್ನೆ."

ಅಪ್ಪ ಕತ್ತರಿ ಕೆಳಗಿಟ್ಟ. "ಪಾಕೆಟ್ನಿಂದ ಏಟು ಬೀಳದು ಎಂಗಪ್ಪಾ?"

ಗುಮಾಸ್ತ ಟೆಲಿಗ್ರಾಂ ಮಡಚಿಕೊಟ್ಟು ತನ್ನ ಅಂಗಡಿಗೆ ಹೋದ. ಉತ್ತರ ಅಲ್ಲೇ ಹುಟ್ಟಿಕೊಂಡಿತು. ಪಾಕೆಟ್ಟು, ಏಟು, ಈ ಎರಡೇ ಮಾತು ಸಾಕಾಯಿತು. ಟೈಲರ್ ಮಗ ಅಲ್ಲಿ ಯಾರದೋ ಜೇಬಿಗೆ ಕೈ ಹಾಕಿ ಸಿಕ್ಕಿಬಿದ್ದಿದ್ದಾನೆ, ಸಿಪಾಯಿಗಳು ಸೇರಿ ಹೊಡೆದಿದ್ದಾರೆ ಎಂಬ ಸುದ್ದಿ ಬಸ್ಸು ಹತ್ತಿ ಯಳಂದೂರಿಗೂ ಹೋಯಿತು.

ನಮ್ಮ ಇಂಗ್ಲಿಷ್ ಮೇಷ್ಟ್ರನ್ನು ಕೇಳಿದರೆ, "ವಿಮಾನಕ್ಕೆ ಸಂಬಂಧಪಟ್ಟದ್ದು ಏನೋ ಇರಬೇಕು" ಎಂದರು, ಅಷ್ಟೆ. ಪುಸ್ತಕದಲ್ಲಿ ಎಲ್ಲ ಇರುತ್ತದೆ ಎಂದು ನಂಬಿ, ನನಗೆ ತೆರೆದು ನೋಡಲೂ ಬಿಡದೆ, ಅಪ್ಪ ನನ್ನನ್ನೂ ನನ್ನ ಪಾಕೆಟ್ ಡಿಕ್ಷನರಿಯನ್ನೂ ಕರೆದುಕೊಂಡು ಯಳಂದೂರಿಗೆ ಹೊರಟ. ಅಂಗೈಯಗಲದ ಆ ಪುಸ್ತಕಕ್ಕೆ ಆ ಹೆಸರಿರುವುದೇ ಜೇಬಿನಲ್ಲಿ ಹಿಡಿಸುವುದರಿಂದ ಎಂದು ಬಸ್ಸಿನಲ್ಲಿ ಹೇಳಿದಾಗ, ಅವನು ಅದನ್ನು ತನ್ನ ಅಂಗಿಯ ಜೇಬಿಗೇ ಇಳಿಸಿಕೊಂಡ. ಮೇಲಿಂದ ಕೈ ಇಟ್ಟುಕೊಂಡೇ ಕೂತಿದ್ದ.

ಹುಡುಗಿಯ ತಂದೆ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿದರು. ಪಕ್ಕದಲ್ಲಿ ಆಕೆಯ ಸೋದರಮಾವ ಇದ್ದರು, ಓದುಬರಹ ಬಲ್ಲವರು.

"ನನ್ ಮಗ ಅಂತವ್ನಲ್ಲ ಕಣ್ರಿ" ಎಂದ ಅಪ್ಪ. "ಅದು ಇಮಾನದ ಮಾತು. ನೋಡಿ, ಪುಸ್ತಕ ತಂದಿವ್ನಿ."

ಸೋದರಮಾವ ಪಾಕೆಟ್ ಎಂಬ ಮಾತಿದ್ದ ಪುಟ ತೆಗೆದರು. ಆ ಪುಟ್ಟ ನಿಘಂಟಿನಲ್ಲಿ ಗಾಳಿಯ ವಿಚಾರವೇ ಇರಲಿಲ್ಲ. ಜೇಬು, ಚೀಲ, ಆಮೇಲೆ ಇನ್ನೊಂದು ಅರ್ಥ. ಅದರ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದರು. "ಓದವ್ವ, ನೀನೇ ಓದು."

"ಅಪಹರಿಸು" ಎಂದು ಓದಿದೆ.

"ಅಂಗಂದ್ರೆ?" ಎಂದ ಅಪ್ಪ. ಹುಡುಗಿಯ ತಂದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ದಾರಿಯಲ್ಲಿ ಅಪ್ಪ ಮತ್ತೆ ಕೇಳಿದಾಗ, ಕದಿಯುವುದು ಎಂದು ಅರ್ಥ ಹೇಳಿದೆ. ಅವನು ರಸ್ತೆಯ ಬದಿಯ ಮೋರಿಯ ಮೇಲೆ ಕೂತುಬಿಟ್ಟ.

ಅಣ್ಣನ ಕೈಬರಹದ ಕಾಗದ ಬರುವ ಹೊತ್ತಿಗೆ ಆ ಹುಡುಗಿಯನ್ನು ಹನೂರಿನಾಚೆ ಬಂಡಳ್ಳಿಯ ವಿಧುರನೊಬ್ಬನಿಗೆ ಕೊಟ್ಟಾಗಿತ್ತು.

ಅಣ್ಣ ಊರುಗೋಲಿನ ಮೇಲೆ ಮನೆಗೆ ಬಂದ. ಸೊಂಟದ ಮೂಳೆ ಪುಡಿಯಾಗಿತ್ತು. "ಗಾಳೀಲಿ ಅಲ್ಲಲ್ಲಿ ಅಂಗಿರ್ತದೆ ಕಣಪ್ಪ. ಇಮಾನ ಇದ್ದಕ್ಕಿದ್ದಂಗೆ ಕುಸೀತದೆ. ಅದ್ಕೇ ಏರ್ ಪಾಕೆಟ್ ಅನ್ನದು. ನಾವು ಮೇಲಕ್ಕೆ ಎಗರುದ್ವಿ, ಮೂಟೆಗೋಳೂ ಎಗರುದ್ವು. ಆಮೇಲೆ ಮೂಟೆ ನನ್ ಮ್ಯಾಲೆ ಬಿದ್ವು."

"ಯಳಂದೂರಿಗೋಗಿ ಇದ್ನೇ ಏಳ್ಲಾ" ಎಂದ ಅಪ್ಪ.

"ಈಗ್ಯಾಕೆ? ಆ ಎಣ್ಣು ಸಂಸಾರ ಮಾಡ್ಕಂಡವ್ಳೆ. ಸುಮ್ನಿರು."

ಅಣ್ಣ ಅಪ್ಪನ ಅಂಗಡಿಯಲ್ಲಿ ಕೂತು ಗುಂಡಿಗಳಿಗೆ ಕಾಜ ಹೊಲಿಯತೊಡಗಿದ. ತುಂಬ ಹೊತ್ತು ಕೂರಲಾಗುತ್ತಿರಲಿಲ್ಲ. ಒಂದು ದಿನ ಹುಡುಗಿಯ ತಂದೆ ಬಂದು ಅಂಗಡಿಯ ಮುಂದೆ ನಿಂತರು. ರಜೆಗೆ ಬಂದ ಯಾವನೋ ಸಿಪಾಯಿ ಅವರಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಿದ್ದನಂತೆ.

"ಬನ್ನಿ ಮಾವ, ಕೂತ್ಕಳಿ" ಎಂದು ಅಣ್ಣ ಸ್ಟೂಲು ಸರಿಸಿದ.

ಅವರು ಕೂರಲಿಲ್ಲ. "ತೆಪ್ಪಾಗೋಯ್ತು ಕಣಪ್ಪ."

ಅಪ್ಪ ಮಿಷನ್ನು ನಿಲ್ಲಿಸದೆ ತುಳಿಯುತ್ತಲೇ ಇದ್ದ. ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ.

ಅಣ್ಣನ ಗಾಯ ಒಳಗೇ ಕೀವಾಗಿ, ಎಪ್ಪತ್ತರ ದಶಕದ ಆರಂಭದಲ್ಲಿ ಅವನು ತೀರಿಕೊಂಡ. ಆಗ ನಾನು ಹನೂರಿನ ಸ್ಕೂಲಿನಲ್ಲಿ ಮೇಡಂ ಆಗಿದ್ದೆ. ಮರುವರ್ಷ ಅಲ್ಲಿನ ಬಸ್‌ಸ್ಟಾಂಡಿನಲ್ಲಿ ಸೀಮೆಎಣ್ಣೆ ಡಬ್ಬ ಹಿಡಿದು ನಿಂತಿದ್ದ ಹೆಂಗಸೊಬ್ಬಳು ನನ್ನನ್ನೇ ನೋಡುತ್ತಿದ್ದಳು. ಯಳಂದೂರಿನ ಅದೇ ಹುಡುಗಿ. ಕೆನ್ನೆ ಒಳಗೆ ಹೋಗಿತ್ತು, ಕಂಕುಳಲ್ಲಿ ಮಗು.

"ನಿಮ್ಮಣ್ಣ ಚೆಂದಾಗವ್ರಾ?"

ಇಲ್ಲ, ಹೋಗಿಬಿಟ್ಟ ಎಂದೆ. ಹೇಗೆ ಎಂದು ಕೇಳಿದಳು. ವಿಮಾನ, ಗಾಳಿ, ಮೂಟೆ, ಎಲ್ಲವನ್ನೂ ಹೇಳಿದೆ. ಆಕೆಗೆ ಇದೆಲ್ಲ ಎಂದೋ ಗೊತ್ತಿದೆ ಎಂದುಕೊಂಡಿದ್ದೆ. ಆಕೆಯ ಮುಖ ಬೇರೆಯಾಯಿತು.

"ಕದೀನಿಲ್ವಾ?"

"ನಿಮ್ಮಪ್ಪ ಹೇಳಲಿಲ್ವಾ?"

"ಇಲ್ಲ." ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದಳು. "ಗಂಡನ್ ಕೈಲಿ ಏಟು ಬಿದ್ದಾಗೆಲ್ಲ, ಆ ಕಳ್ಳನ್ ಕಟ್ಕಳದ್ಕಿಂತ ಇದೇ ವಾಸಿ ಅನ್ಕತಿದ್ದೆ ಕಣವ್ವ."

ಬಂಡಳ್ಳಿಯ ಬಸ್ಸು ಬಂತು. ಕಂಡಕ್ಟರು ಡಬ್ಬ ಒಳಗೆ ತರಬೇಡ ಎಂದು ರೇಗಿದ. ಆಕೆ ಅವನನ್ನು ಬೇಡಿಕೊಂಡು, ಡಬ್ಬವನ್ನು ಕಾಲ ಸಂದಿಗೆ ಇಟ್ಟುಕೊಂಡು ಬಾಗಿಲ ಬಳಿಯೇ ಕುಳಿತಳು.